ಸಾರ್ವಜನಿಕ ದಾಖಲೆಯ ಬೀಗದ ಕೈ ಯಾರ ಬಳಿ?

ಡೇಟಾಬೇಸ್ ತಂತ್ರಾಂಶಗಳ ಲೋಕದಲ್ಲಿ 2024ರ ಮಾರ್ಚ್ 20ರಂದು ಒಂದು ಸಣ್ಣ ದಂಗೆಯೇ ಆರಂಭವಾಯಿತು. ‘ರೆಡಿಸ್’ ಎಂಬ ತಂತ್ರಾಂಶವನ್ನು 2009ರಿಂದಲೂ ಯಾರು ಬೇಕಾದರೂ ಬಳಸಬಹುದಾಗಿತ್ತು, ತಿದ್ದಬಹುದಾಗಿತ್ತು, ಮಾರಲೂಬಹುದಾಗಿತ್ತು. ಅದರ ಒಡೆತನವುಳ್ಳ ಕಂಪನಿಯು ಅಂದು ಪರವಾನಗಿಯ ಷರತ್ತುಗಳನ್ನೇ ಬದಲಿಸಿತು. ಮುಂದಿನ ಆವೃತ್ತಿಗಳನ್ನು ಸೇವೆಯ ರೂಪದಲ್ಲಿ ಮಾರುವವರು ಕಂಪನಿಯೊಡನೆ ಒಪ್ಪಂದ ಮಾಡಿಕೊಳ್ಳಬೇಕು ಎಂಬುದು ಹೊಸ ಷರತ್ತುಗಳ ಸಾರಾಂಶ. ಎಂಟೇ ದಿನಗಳಲ್ಲಿ, ಅಂದರೆ ಮಾರ್ಚ್ 28ರಂದು, ಹಳೆಯ ಮುಕ್ತ ಆವೃತ್ತಿಯನ್ನೇ ಆಧಾರವಾಗಿಟ್ಟುಕೊಂಡು ‘ವಾಲ್ಕಿ’ ಎಂಬ ಹೊಸ ಕವಲು ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಘೋಷಣೆಯಾಯಿತು. ಅಮೆಜಾನ್, ಗೂಗಲ್, ಒರಾಕಲ್, ಎರಿಕ್ಸನ್‌ನಂಥ ದೈತ್ಯರು ಅದರ ಬೆನ್ನಿಗೆ ನಿಂತರು. 2025ರ ಮೇ ತಿಂಗಳಲ್ಲಿ ರೆಡಿಸ್ ಕಂಪನಿಯು ಮುಕ್ತ ಪರವಾನಗಿಯೊಂದನ್ನು ಮತ್ತೆ ಆಯ್ಕೆಯಾಗಿ ಸೇರಿಸಿತು. ಆದರೆ ಅಷ್ಟರೊಳಗೆ ಸಮುದಾಯ ಎರಡಾಗಿ ಒಡೆದಿತ್ತು.

ಇದು ಇಂಜಿನಿಯರುಗಳ ಒಳಜಗಳ, ನಮಗೇನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ನಮ್ಮ ಪಹಣಿ, ಪಡಿತರ ಚೀಟಿ, ಜನನ ಪ್ರಮಾಣಪತ್ರ, ಬ್ಯಾಂಕಿನ ಉಳಿತಾಯ, ಪಿಂಚಣಿ ಇವೆಲ್ಲವೂ ಇಂದು ಯಾವುದೋ ಒಂದು ಡೇಟಾಬೇಸಿನೊಳಗಿನ ಸಾಲುಗಳಾಗಿವೆ. ಹಿಂದೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಈಗ ಆ ಕೈ ಯಾರ ಬಳಿ ಇದೆ, ನಾಳೆ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರೇ ಕಡಿಮೆ. ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಮುಕ್ತ ಡೇಟಾಬೇಸ್ ತಂತ್ರಾಂಶಗಳ ಸುತ್ತ ನಡೆದ ವಾದ ವಿವಾದಗಳನ್ನು ಗಮನಿಸಿದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ದಾರಿ ಕಾಣುತ್ತದೆ. ತಂತ್ರಾಂಶದ ಬೆಲೆಗಿಂತ, ಅದರ ಪರವಾನಗಿಗಿಂತಲೂ ಮುಖ್ಯವಾದದ್ದು ಅದರ ಒಡೆತನ ಹೇಗೆ ಹಂಚಿಕೆಯಾಗಿದೆ ಎಂಬುದು.

ಉಚಿತವೇ ಬೇರೆ, ಮುಕ್ತವೇ ಬೇರೆ

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ಮುಕ್ತ ತಂತ್ರಾಂಶವೆಂದರೆ ಪುಕ್ಕಟೆ ತಂತ್ರಾಂಶ ಎಂಬ ಭಾವನೆ ನಮ್ಮಲ್ಲಿ ವ್ಯಾಪಕವಾಗಿದೆ. ತಂತ್ರಾಂಶವನ್ನು ಬರೆದ ಮೂಲ ಸಂಕೇತ ಎಲ್ಲರಿಗೂ ಕಾಣುವಂತಿರುವುದು, ಅದನ್ನು ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕು ಬಳಕೆದಾರನಿಗೆ ಇರುವುದು ಮುಕ್ತತೆಯ ಲಕ್ಷಣ. ಹಣ ಕೊಡದೆ ದೊರೆಯುವುದು ಅದರ ಒಂದು ಪರಿಣಾಮವೇ ಹೊರತು ಅದೇ ಅದರ ತಿರುಳಲ್ಲ. ಇಂದು ಉಚಿತವಾಗಿ ಸಿಗುವ ತಂತ್ರಾಂಶಕ್ಕೆ ನಾಳೆ ಬೆಲೆ ಕಟ್ಟಬಹುದು. ನಿಜವಾಗಿ ಮುಕ್ತವಾದದ್ದಕ್ಕೆ ನಾಳೆ ಯಾರಾದರೂ ಬೆಲೆ ಕಟ್ಟಿದರೂ, ನಿನ್ನೆಯ ಪ್ರತಿ ನಮ್ಮ ಕೈಯಲ್ಲಿ ಉಳಿದಿರುತ್ತದೆ. ವಾಲ್ಕಿ ಹುಟ್ಟಲು ಸಾಧ್ಯವಾದದ್ದು ಈ ಕಾರಣದಿಂದಲೇ.

ಡೇಟಾಬೇಸುಗಳ ಇತಿಹಾಸವೂ ಜ್ಞಾನವನ್ನು ತೆರೆದಿಟ್ಟದ್ದರ ಫಲವೇ ಆಗಿದೆ. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞರು 1970ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ದತ್ತಾಂಶವನ್ನು ಅಡ್ಡಸಾಲು, ಉದ್ದಸಾಲುಗಳ ಕೋಷ್ಟಕಗಳಾಗಿ ಇಡಬೇಕು, ಅದು ಯಂತ್ರದೊಳಗೆ ಎಲ್ಲಿ, ಹೇಗೆ ಕುಳಿತಿದೆ ಎಂಬುದು ಬಳಸುವವನಿಗೆ ತಿಳಿಯಬೇಕಾದ ಅಗತ್ಯವಿರಬಾರದು ಎಂಬುದು ಅವರ ವಾದ. ಪ್ರಬಂಧ ಬಹಿರಂಗವಾಗಿದ್ದುದರಿಂದ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯುಜೀನ್ ವಾಂಗ್ ಅದನ್ನು ಓದಿ ‘ಇಂಗ್ರೆಸ್’ ಎಂಬ ತಂತ್ರಾಂಶ ಕಟ್ಟಿದರು. ಒರಾಕಲ್ ಕಂಪನಿಯೂ ಇದೇ ಚಿಂತನೆಯ ಮೇಲೆ ತನ್ನ ವ್ಯಾಪಾರ ಬೆಳೆಸಿ 1979ರಲ್ಲಿ ಮಾರುಕಟ್ಟೆಗಿಳಿಯಿತು. ಒಂದೇ ಬೀಜದಿಂದ ಎರಡು ಮರಗಳು ಬೆಳೆದವು. ಒಂದಕ್ಕೆ ಬೇಲಿ ಬಿತ್ತು, ಇನ್ನೊಂದು ಬಯಲಿನಲ್ಲಿ ಉಳಿಯಿತು.

ಬೇಲಿಯೊಳಗಿನ ಮರದ ಹಣ್ಣಿಗೆ ಬೆಲೆ ಇರುವುದು ಸಹಜ. ತೊಂದರೆ ಇರುವುದು ಬೆಲೆಯಲ್ಲಲ್ಲ, ಬೇಲಿಯಿಂದ ಹೊರಬರುವ ವೆಚ್ಚದಲ್ಲಿ. ಕಾರ್ಲ್ ಶಪಿರೊ ಮತ್ತು ಹಾಲ್ ವೇರಿಯನ್ ಎಂಬ ಅರ್ಥಶಾಸ್ತ್ರಜ್ಞರು 1999ರ ತಮ್ಮ ‘ಇನ್ಫರ್ಮೇಶನ್ ರೂಲ್ಸ್’ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ಒಂದು ವ್ಯವಸ್ಥೆಯಿಂದ ಮತ್ತೊಂದಕ್ಕೆ ಬದಲಾಗುವ ವೆಚ್ಚ ಹೆಚ್ಚಿದಷ್ಟೂ ಮಾರಾಟಗಾರನ ಕೈ ಮೇಲಾಗುತ್ತದೆ. ಅಕ್ಕಿಯ ಅಂಗಡಿಯನ್ನು ನಾಳೆಯೇ ಬದಲಿಸಬಹುದು. ಕೋಟ್ಯಂತರ ದಾಖಲೆಗಳನ್ನು ತುಂಬಿಟ್ಟ ಡೇಟಾಬೇಸನ್ನು ಹಾಗೆ ಬದಲಿಸಲಾಗದು.

ಕನ್ನಡಿಗರಿಗೆ ಇದರ ಅನುಭವ ಇನ್ನೊಂದು ರೂಪದಲ್ಲಿ ಆಗಿದೆ. ಯೂನಿಕೋಡ್ ಬರುವ ಮುನ್ನ ಕನ್ನಡದ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಇಟ್ಟುಕೊಂಡಿತ್ತು. ಒಂದರಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಇನ್ನೊಂದು ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು. ಬರೆದವರು ನಾವು, ಬರಹ ನಮ್ಮದು, ಓದುವ ಕೀಲಿ ಮಾತ್ರ ಬೇರೆಯವರ ಬಳಿ. ಅಂಥ ಕಡತಗಳನ್ನು ಇಂದಿಗೂ ಪರಿವರ್ತಕಗಳ ಮೂಲಕ ಒಂದೊಂದಾಗಿ ಬಿಡಿಸಿಕೊಳ್ಳುತ್ತಿರುವ ಕಚೇರಿಗಳೂ ಪ್ರಕಾಶಕರೂ ಇದ್ದಾರೆ.

ನಾನು ಸೇವೆಯಲ್ಲಿದ್ದ ಕಾಲದಲ್ಲಿ ಇಲಾಖೆಯೊಂದರ ಗಣಕೀಕರಣ ಸಮಿತಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದುಂಟು. ಮೊದಲ ಖರೀದಿಯ ವರ್ಷ ಮಾರಾಟಗಾರ ಕಂಪನಿ ತೋರಿದ ಔದಾರ್ಯ ನೋಡುವಂತಿತ್ತು. ಸರ್ವರುಗಳು ಹಳತಾಗಿ ಹೊಸವನ್ನು ತಂದಾಗ, ಹೊಸ ಯಂತ್ರದಲ್ಲಿ ಪ್ರೊಸೆಸರುಗಳ ಸಂಖ್ಯೆ ಹೆಚ್ಚಾಗಿದೆಯೆಂಬ ಕಾರಣಕ್ಕೆ ಡೇಟಾಬೇಸಿನ ಲೈಸೆನ್ಸ್ ಶುಲ್ಕವೂ ಏರಿತು. ದಾಖಲೆಗಳು ಅವೇ, ಬಳಸುವ ಸಿಬ್ಬಂದಿ ಅವರೇ, ಕೆಲಸವೂ ಅದೇ. ಹಣಕಾಸು ಇಲಾಖೆ ಕಾರಣ ಕೇಳಿ ಕಡತವನ್ನು ಹಿಂದಿರುಗಿಸಿತು. ಬೇರೆ ಕಂಪನಿಯಿಂದ ಕೊಳ್ಳಬಾರದೇಕೆ ಎಂಬ ಅದರ ಪ್ರಶ್ನೆ ನ್ಯಾಯವಾದದ್ದೇ. ಬೇರೆ ಕಂಪನಿಗೆ ಹೋಗಬೇಕಾದರೆ ಅನ್ವಯಿಕ ತಂತ್ರಾಂಶವನ್ನು ಬಹುಪಾಲು ಹೊಸದಾಗಿ ಬರೆಸಬೇಕಿತ್ತು. ಕೊನೆಗೆ ಹಣ ಮಂಜೂರಾಯಿತು. ಟೆಂಡರಿನಲ್ಲಿ ಅತ್ಯಂತ ಕಡಿಮೆ ದರ ನಮೂದಿಸಿದವರನ್ನು ಆರಿಸುವ ನಮ್ಮ ಪದ್ಧತಿ ಮೊದಲ ದಿನದ ದರವನ್ನಷ್ಟೇ ನೋಡುತ್ತದೆ, ಹತ್ತನೆಯ ವರ್ಷದ ದರವನ್ನು ನೋಡುವುದಿಲ್ಲ.

ಇಂಥ ಕಾರಣಗಳಿಂದಲೇ ಮುಕ್ತ ಡೇಟಾಬೇಸುಗಳತ್ತ ಜಗತ್ತು ಹೊರಳಿತು. ಆದರೆ ಮುಕ್ತ ಎಂಬ ಹಣೆಪಟ್ಟಿ ಇದ್ದ ಮಾತ್ರಕ್ಕೆ ಭಯವಿಲ್ಲ ಎಂದು ಭಾವಿಸುವುದು ಸರಿಯಲ್ಲ. ಮೈಎಸ್‌ಕ್ಯುಎಲ್ ಕತೆ ಇದಕ್ಕೆ ಸಾಕ್ಷಿ.

ನೂರು ಕೋಟಿ ಡಾಲರಿನ ಮಾರಾಟ

ಮೈಎಸ್‌ಕ್ಯುಎಲ್ ಹುಟ್ಟಿದ್ದು 1995ರಲ್ಲಿ, ಸ್ವೀಡನ್ನಿನಲ್ಲಿ. ಅದರ ಜನಕರಲ್ಲಿ ಪ್ರಮುಖರಾದ ಮೈಕೆಲ್ ವಿಡೇನಿಯಸ್ ತಮ್ಮ ಹಿರಿಯ ಮಗಳು ‘ಮೈ’ಯ ಹೆಸರನ್ನೇ ಅದಕ್ಕಿಟ್ಟರು. 2000ರಲ್ಲಿ ಅದು ಜಿಪಿಎಲ್ ಎಂಬ ಕಟ್ಟುನಿಟ್ಟಾದ ಮುಕ್ತ ಪರವಾನಗಿಯಡಿ ಬಂದಿತು. ಈ ಪರವಾನಗಿಯ ಪ್ರಕಾರ, ತಿದ್ದಿದ ತಂತ್ರಾಂಶವನ್ನು ಹಂಚುವವನು ತನ್ನ ತಿದ್ದುಪಡಿಗಳನ್ನೂ ಮುಕ್ತವಾಗಿಯೇ ಇಡಬೇಕು. ಅಂತರಜಾಲ ಬೆಳೆದಂತೆ ಮೈಎಸ್‌ಕ್ಯುಎಲ್ ಕೂಡ ಬೆಳೆಯಿತು. ಫೇಸ್‌ಬುಕ್, ವಿಕಿಪೀಡಿಯಾ ಅದರ ಮೇಲೆ ನಿಂತವು.

ಸಂಕೇತ ಮುಕ್ತವಾಗಿದ್ದರೂ ಅದರ ಕೃತಿಸ್ವಾಮ್ಯ ಮತ್ತು ಹೆಸರು ಮಾತ್ರ ಒಂದೇ ಕಂಪನಿಯ ಕೈಯಲ್ಲಿತ್ತು. ತಮ್ಮ ತಿದ್ದುಪಡಿಗಳನ್ನು ಮುಕ್ತವಾಗಿಡಲು ಒಪ್ಪದ ಗ್ರಾಹಕರಿಗೆ ಬೇರೆ ಪರವಾನಗಿಯನ್ನು ಹಣಕ್ಕೆ ಮಾರುವ ಹಕ್ಕು ಆ ಕಂಪನಿಗೆ ಮಾತ್ರ ಇತ್ತು. ಒಡೆತನ ಒಂದೆಡೆ ಇದ್ದರೆ ಅದನ್ನು ಕೊಳ್ಳುವುದು ಸುಲಭ. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಸುಮಾರು 100 ಕೋಟಿ ಡಾಲರ್ ತೆತ್ತು ಮೈಎಸ್‌ಕ್ಯುಎಲನ್ನು ಕೊಂಡುಕೊಂಡಿತು. ಮರುವರ್ಷ ಏಪ್ರಿಲ್‌ನಲ್ಲಿ ಒರಾಕಲ್, ಸನ್ ಕಂಪನಿಯನ್ನೇ ಸುಮಾರು 740 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅತ್ಯಂತ ದುಬಾರಿ ಡೇಟಾಬೇಸುಗಳನ್ನು ಮಾರುವವರ ಕೈಗೆ ಅವುಗಳಿಗೆ ಪ್ರತಿಸ್ಪರ್ಧಿಯಾಗಿದ್ದ ಮುಕ್ತ ಡೇಟಾಬೇಸು ಹೋಗುವ ಸ್ಥಿತಿ ಬಂದಿತು.

ವಿಡೇನಿಯಸ್ ಜಗತ್ತಿನಾದ್ಯಂತ ಸಹಿ ಸಂಗ್ರಹಕ್ಕಿಳಿದರು. ಮುಕ್ತ ತಂತ್ರಾಂಶ ಚಳವಳಿಯ ಹಿರಿಯ ರಿಚರ್ಡ್ ಸ್ಟಾಲ್ಮನ್ ಕೂಡ ಮಾರಾಟಕ್ಕೆ ವಿರೋಧ ಸೂಚಿಸಿ ಯುರೋಪಿಯನ್ ಆಯೋಗಕ್ಕೆ ಬರೆದ ಪತ್ರಕ್ಕೆ ಸಹಿ ಹಾಕಿದರು. ಅಮೆರಿಕ ಆಕ್ಷೇಪವೆತ್ತದ ವಹಿವಾಟಿಗೆ ಆಯೋಗ ಮಾತ್ರ ತಿಂಗಳುಗಟ್ಟಲೆ ತಡೆಯೊಡ್ಡಿತು. ಕಡೆಗೆ ಒರಾಕಲ್ 2009ರ ಡಿಸೆಂಬರಿನಲ್ಲಿ ಹತ್ತು ಭರವಸೆಗಳನ್ನು ಬಹಿರಂಗವಾಗಿ ನೀಡಿತು. ಅವುಗಳ ಅವಧಿ ಐದು ವರ್ಷ. 2010ರ ಜನವರಿಯಲ್ಲಿ ಒಪ್ಪಿಗೆ ದೊರೆಯಿತು.

ವಿಡೇನಿಯಸ್ ಸುಮ್ಮನಿರಲಿಲ್ಲ. 2009ರಲ್ಲಿಯೇ ಮೈಎಸ್‌ಕ್ಯುಎಲಿನ ಕವಲೊಂದನ್ನು ತೆಗೆದು, ಕಿರಿಯ ಮಗಳು ಮರಿಯಾಳ ಹೆಸರಿನಲ್ಲಿ ‘ಮರಿಯಾಡಿಬಿ’ ಆರಂಭಿಸಿದರು. ಈ ಬಾರಿ ಪಾಠ ಕಲಿತವರಂತೆ 2012ರಲ್ಲಿ ಪ್ರತ್ಯೇಕ ಪ್ರತಿಷ್ಠಾನವೊಂದು ರೂಪುಗೊಂಡಿತು. ವಿಕಿಪೀಡಿಯಾ 2013ರಲ್ಲಿ ಮರಿಯಾಡಿಬಿಗೆ ಸ್ಥಳಾಂತರಗೊಂಡಿತು. ಮರಿಯಾಡಿಬಿಯ ವ್ಯಾಪಾರಿ ಕಂಪನಿ 2022ರ ಡಿಸೆಂಬರಿನಲ್ಲಿ ಷೇರು ಮಾರುಕಟ್ಟೆ ಪ್ರವೇಶಿಸಿ, ಷೇರುಬೆಲೆ ಕುಸಿದು, 2024ರಲ್ಲಿ ಹೂಡಿಕೆ ಸಂಸ್ಥೆಯೊಂದರ ಪಾಲಾಯಿತು. ಆ ಏರಿಳಿತಗಳ ನಡುವೆಯೂ ಪ್ರತಿಷ್ಠಾನ ಪ್ರತ್ಯೇಕವಾಗಿಯೇ ಉಳಿಯಿತು.

ನ್ಯಾಯವಾಗಿ ಹೇಳುವುದಾದರೆ, ಒರಾಕಲ್ ಮೈಎಸ್‌ಕ್ಯುಎಲನ್ನು ಕೊಲ್ಲಲಿಲ್ಲ. ಹೊಸ ಆವೃತ್ತಿಗಳು ಬಂದವು, ಮುಕ್ತ ಪರವಾನಗಿಯೂ ಉಳಿದಿದೆ. ಆದರೆ ಯಾವ ದಿಕ್ಕಿನಲ್ಲಿ ಎಷ್ಟು ಬೆಳೆಸಬೇಕು, ಎಷ್ಟು ಜನ ಇಂಜಿನಿಯರುಗಳನ್ನು ಅದಕ್ಕೆ ನೇಮಿಸಬೇಕು ಎಂಬ ತೀರ್ಮಾನ ಒಂದೇ ಆಡಳಿತ ಮಂಡಳಿಯ ಕೋಣೆಯಲ್ಲಿ ನಡೆಯುತ್ತದೆ. ಕೋಟ್ಯಂತರ ಜನರ ದಾಖಲೆ ಅದರಲ್ಲಿರುವಾಗ ಆ ಕೋಣೆಯ ಬಾಗಿಲು ಮುಚ್ಚಿರುವುದು ಆತಂಕಕ್ಕೆ ಕಾರಣವಾಗುವುದು ಸಹಜ.

ಒಡೆಯನಿಲ್ಲದ ತಂತ್ರಾಂಶ

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಪೋಸ್ಟ್‌ಗ್ರೆಸ್‌ಕ್ಯುಎಲ್, ಬಳಕೆಯ ಮಾತಿನಲ್ಲಿ ಪೋಸ್ಟ್‌ಗ್ರೆಸ್. ಇಂಗ್ರೆಸ್ ನಂತರ ಸ್ಟೋನ್‌ಬ್ರೇಕರ್ 1986ರಲ್ಲಿ ಬರ್ಕ್ಲಿಯಲ್ಲಿ ಆರಂಭಿಸಿದ ಯೋಜನೆಯಿದು. ವಿಶ್ವವಿದ್ಯಾಲಯ ಕೈಬಿಟ್ಟ ಮೇಲೆ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದಕ್ಕೆ ಎಸ್‌ಕ್ಯುಎಲ್ ಭಾಷೆಯನ್ನು ಅಳವಡಿಸಿದರು. 1996ರಿಂದ ದೇಶದೇಶಗಳ ಸ್ವಯಂಸೇವಕರು ಅದನ್ನು ಬೆಳೆಸುತ್ತ ಬಂದರು. ಪ್ರತಿವರ್ಷ ಒಂದು ದೊಡ್ಡ ಆವೃತ್ತಿ, ಪ್ರತಿ ಆವೃತ್ತಿಗೂ ಐದು ವರ್ಷಗಳ ದುರಸ್ತಿಯ ಖಾತರಿ ಎಂಬುದು ಅದರ ನಿಯಮ. ಪ್ರೋಗ್ರಾಮರುಗಳ ನಡುವೆ ‘ಸ್ಟ್ಯಾಕ್ ಓವರ್‌ಫ್ಲೋ’ ನಡೆಸುವ ವಾರ್ಷಿಕ ಸಮೀಕ್ಷೆಯಲ್ಲಿ 2023ರ ವೇಳೆಗೆ ಅದು ಮೈಎಸ್‌ಕ್ಯುಎಲನ್ನೂ ಹಿಂದಿಕ್ಕಿ ಅತಿ ಹೆಚ್ಚು ಬಳಕೆಯ ಡೇಟಾಬೇಸ್ ಎನಿಸಿತು.

ಪೋಸ್ಟ್‌ಗ್ರೆಸ್ ಪರವಾನಗಿ ಅತ್ಯಂತ ಸಡಿಲವಾದುದು. ಯಾರು ಬೇಕಾದರೂ ಅದರ ಸಂಕೇತವನ್ನು ಒಯ್ದು, ತಮ್ಮ ಬದಲಾವಣೆಗಳನ್ನು ಗುಟ್ಟಾಗಿಟ್ಟು, ಮಾರಿಕೊಳ್ಳಬಹುದು. ಅಮೆಜಾನ್‌ನ ‘ರೆಡ್‌ಶಿಫ್ಟ್’ ಹುಟ್ಟಿದ್ದು ಹೀಗೆಯೇ. ಕಟ್ಟುನಿಟ್ಟಾದ ಜಿಪಿಎಲ್ ಇದ್ದ ಮೈಎಸ್‌ಕ್ಯುಎಲ್ ಮಾರಾಟವಾಯಿತು. ಸಡಿಲ ಪರವಾನಗಿಯ ಪೋಸ್ಟ್‌ಗ್ರೆಸ್ ಮಾರಾಟವಾಗದೆ ಉಳಿಯಿತು. ಹಾಗೆಂದು ಸಡಿಲ ಪರವಾನಗಿಯೇ ರಕ್ಷೆ ಎನ್ನುವಂತಿಲ್ಲ, ಏಕೆಂದರೆ ರೆಡಿಸ್‌ನ ಹಳೆಯ ಪರವಾನಗಿಯೂ ಸಡಿಲವೇ ಆಗಿತ್ತು. ವ್ಯತ್ಯಾಸವಿರುವುದು ಒಡೆತನದ ಹಂಚಿಕೆಯಲ್ಲಿ. ಪೋಸ್ಟ್‌ಗ್ರೆಸ್ ಕೃತಿಸ್ವಾಮ್ಯ ಬರೆದವರೆಲ್ಲರ ನಡುವೆ ಚದುರಿದೆ. ಮಾರಲು ಒಬ್ಬ ಒಡೆಯನಿಲ್ಲ, ಆದ್ದರಿಂದ ಕೊಳ್ಳುವುದಕ್ಕೂ ಸಾಧ್ಯವಿಲ್ಲ.

ಈ ವ್ಯವಸ್ಥೆಗೂ ಒಮ್ಮೆ ಪರೀಕ್ಷೆ ಎದುರಾಯಿತು. ಯೋಜನೆಯ ಮೇಲ್ವಿಚಾರಣೆ ನೋಡಿಕೊಳ್ಳುವ ಕೇಂದ್ರ ತಂಡದಲ್ಲಿ ಒಂದೇ ಕಂಪನಿಯ ನೌಕರರು ಅರ್ಧಕ್ಕಿಂತ ಹೆಚ್ಚಿರಬಾರದು ಎಂಬುದು ಅಲ್ಲಿನ ಸಂಪ್ರದಾಯ. 2020ರಲ್ಲಿ ಪೋಸ್ಟ್‌ಗ್ರೆಸ್ ಸೇವೆ ನೀಡುವ ಎಂಟರ್‌ಪ್ರೈಸ್‌ಡಿಬಿ ಎಂಬ ಕಂಪನಿ ಸೆಕೆಂಡ್‌ಕ್ವಾಡ್ರಂಟ್ ಎಂಬ ಇನ್ನೊಂದನ್ನು ಕೊಂಡಾಗ, ಐವರ ತಂಡದಲ್ಲಿ ಮೂವರು ಒಂದೇ ಕಂಪನಿಯವರಾದರು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಆದರೂ ಕೆಲವೇ ವಾರಗಳಲ್ಲಿ ಬೇರೆ ಸಂಸ್ಥೆಗಳ ಇಬ್ಬರನ್ನು ಸೇರಿಸಿ ತಂಡವನ್ನು ಏಳಕ್ಕೆ ಏರಿಸಲಾಯಿತು. ಬರೆದಿಡದ ಸಂಪ್ರದಾಯವೊಂದನ್ನು ಉಳಿಸಿಕೊಳ್ಳಲು ಇಷ್ಟು ಎಚ್ಚರ ವಹಿಸಿದ್ದು ಗಮನಾರ್ಹ. ನಮ್ಮ ಎಷ್ಟೋ ಸಹಕಾರ ಸಂಘಗಳ ಲಿಖಿತ ಉಪನಿಯಮಗಳಿಗೂ ಈ ಗೌರವ ಸಿಗುವುದಿಲ್ಲ.

2025ರಲ್ಲಿ ಇದರ ಫಲ ಕಣ್ಣಿಗೆ ಕಾಣುವಂತಾಯಿತು. ಆ ವರ್ಷದ ಮೇ ತಿಂಗಳಲ್ಲಿ ಡೇಟಾಬ್ರಿಕ್ಸ್ ಕಂಪನಿ, ಪೋಸ್ಟ್‌ಗ್ರೆಸ್ ಆಧಾರಿತ ಸೇವೆ ನೀಡುತ್ತಿದ್ದ ‘ನಿಯಾನ್’ ಎಂಬ ಕಂಪನಿಯನ್ನು ಸುಮಾರು 100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಮರುತಿಂಗಳು ಸ್ನೋಫ್ಲೇಕ್ ಕಂಪನಿ, ‘ಕ್ರಂಚಿ ಡೇಟಾ’ ಎಂಬ ಮತ್ತೊಂದು ಪೋಸ್ಟ್‌ಗ್ರೆಸ್ ಕಂಪನಿಯನ್ನು ಕೊಳ್ಳುವುದಾಗಿ ಹೇಳಿತು. 2008ರಲ್ಲಿ ಅಷ್ಟೇ ಹಣಕ್ಕೆ ಮೈಎಸ್‌ಕ್ಯುಎಲ್ ತಂತ್ರಾಂಶದ ಒಡೆತನವೇ ಕೈ ಬದಲಾಗಿತ್ತು. 2025ರಲ್ಲಿ ಕೈ ಬದಲಾದದ್ದು ಕಂಪನಿಗಳು ಮಾತ್ರ. ಪೋಸ್ಟ್‌ಗ್ರೆಸ್ ಇದ್ದಲ್ಲೇ ಇದೆ. ಅದನ್ನು ಬಳಸುವ ಬ್ಯಾಂಕು, ಆಸ್ಪತ್ರೆ, ಸರ್ಕಾರಗಳು ಯಾರ ಅನುಮತಿಗೂ ಕಾಯಬೇಕಾಗಲಿಲ್ಲ, ಯಾವ ಆಯೋಗದ ಬಾಗಿಲನ್ನೂ ತಟ್ಟಬೇಕಾಗಲಿಲ್ಲ.

ಹೂಳು ಎತ್ತುವವರು ಯಾರು?

ಇಲ್ಲಿಗೆ ಮುಗಿಸಿದರೆ ಚಿತ್ರ ಏಕಪಕ್ಷೀಯವಾಗುತ್ತದೆ. ಪರವಾನಗಿ ಬದಲಿಸಿದ ಕಂಪನಿಗಳ ದೂರಿನಲ್ಲಿಯೂ ಹುರುಳಿದೆ. ತಾವು ವರ್ಷಗಟ್ಟಲೆ ಹಣ ಹೂಡಿ ಬೆಳೆಸಿದ ತಂತ್ರಾಂಶವನ್ನು ದೊಡ್ಡ ಕ್ಲೌಡ್ ಕಂಪನಿಗಳು ಹಾಗೆಯೇ ಎತ್ತಿಕೊಂಡು ಸೇವೆಯಾಗಿ ಮಾರಿ ಲಾಭ ಗಳಿಸುತ್ತವೆ, ಬದಲಿಗೆ ಕೊಡುವುದು ಅತ್ಯಲ್ಪ ಎಂಬುದು ಅವುಗಳ ವಾದ. ಇದೇ ವಾದದೊಂದಿಗೆ ಮೊಂಗೊಡಿಬಿ ಕಂಪನಿ 2018ರ ಅಕ್ಟೋಬರಿನಲ್ಲಿ ತನ್ನದೇ ಹೊಸ ಪರವಾನಗಿಯನ್ನು ರೂಪಿಸಿತು. ಮುಕ್ತ ಪರವಾನಗಿಗಳಿಗೆ ಮಾನ್ಯತೆ ನೀಡುವ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆಯ ಒಪ್ಪಿಗೆ ಅದಕ್ಕೆ ದೊರೆಯಲಿಲ್ಲ. ಡೆಬಿಯನ್, ರೆಡ್ ಹ್ಯಾಟ್ ಮೊದಲಾದವು ಮೊಂಗೊಡಿಬಿಯನ್ನು ತಮ್ಮ ಸಂಗ್ರಹದಿಂದ ಕೈಬಿಟ್ಟವು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹಳೆಯ ಪರಿಚಯದ ಸಮಸ್ಯೆ. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಬಳಸುತ್ತಾರೆ, ಕಾಪಾಡುವ ಹೊಣೆಯನ್ನು ಪ್ರತಿಯೊಬ್ಬರೂ ಪಕ್ಕದವನಿಗೆ ಬಿಡುತ್ತಾರೆ. ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಇದನ್ನು ಸಮುದಾಯ ಸ್ವತ್ತಿನ ದುರಂತವೆಂದು ಕರೆದರು. ಸ್ವತ್ತನ್ನು ಖಾಸಗಿಗೆ ವಹಿಸಬೇಕು ಅಥವಾ ಸರ್ಕಾರ ವಹಿಸಿಕೊಳ್ಳಬೇಕು, ಮೂರನೆಯ ದಾರಿಯಿಲ್ಲ ಎಂಬ ತೀರ್ಮಾನ ದೀರ್ಘಕಾಲ ಚಲಾವಣೆಯಲ್ಲಿತ್ತು. ಆ ತೀರ್ಮಾನವನ್ನು ಎಲಿನಾರ್ ಆಸ್ಟ್ರಮ್ ಕ್ಷೇತ್ರ ಅಧ್ಯಯನಗಳ ಬಲದಿಂದ ಪ್ರಶ್ನಿಸಿದರು. ನೀರಾವರಿ ಕಾಲುವೆ, ಹುಲ್ಲುಗಾವಲು, ಮೀನುಗಾರಿಕೆಯ ನೀರನ್ನು ಜನರೇ ನಿಯಮ ಮಾಡಿಕೊಂಡು ಶತಮಾನಗಟ್ಟಲೆ ಉಳಿಸಿಕೊಂಡ ಉದಾಹರಣೆಗಳನ್ನು ಮುಂದಿಟ್ಟರು. ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾದದ್ದು 2009ರ ಅಕ್ಟೋಬರಿನಲ್ಲಿ, ಮೈಎಸ್‌ಕ್ಯುಎಲ್ ಭವಿಷ್ಯದ ಬಗ್ಗೆ ಯುರೋಪಿನಲ್ಲಿ ವಾಗ್ವಾದ ನಡೆಯುತ್ತಿದ್ದ ದಿನಗಳಲ್ಲಿಯೇ.

ಆಸ್ಟ್ರಮ್ ಹೇಳಿದ್ದನ್ನು ನಮ್ಮ ಬಯಲುಸೀಮೆಯ ರೈತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೆರೆಯ ನೀರಿಗೆ ಬೆಲೆಯಿರಲಿಲ್ಲ, ಆದರೆ ಕೆರೆಗೆ ವೆಚ್ಚವಿತ್ತು. ತೂಬು ತೆಗೆದು ಸರದಿಯಂತೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ, ಅವನಿಗೆ ಊರಿನವರು ಧಾನ್ಯ ಅಳೆಯುತ್ತಿದ್ದರು. ಬೇಸಿಗೆಯಲ್ಲಿ ಹೂಳೆತ್ತಲು ಮನೆಗೊಬ್ಬರು ಬರಬೇಕಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ, ಅಧಿಕಾರದ ಅನ್ಯಾಯಗಳೂ ಬೆರೆತಿದ್ದವು ಎಂಬುದನ್ನು ಮರೆಯಬೇಕಿಲ್ಲ. ಆದರೆ ಕೆರೆ ತಾನಾಗಿಯೇ ಉಳಿಯುತ್ತದೆ ಎಂದು ಮಾತ್ರ ಯಾರೂ ಭಾವಿಸಿರಲಿಲ್ಲ. ನೀರುಗಂಟಿಯ ಪಾಲು ನಿಂತಲ್ಲಿ ಕೆರೆಯಲ್ಲಿ ಹೂಳು ತುಂಬಿತು.

ತಂತ್ರಾಂಶದ ನೀರುಗಂಟಿಗಳು ಎಷ್ಟು ಒಂಟಿಯಾಗಿರಬಲ್ಲರು ಎಂಬುದು ವಾಲ್ಕಿ ಘೋಷಣೆಯಾದ ಮರುದಿನವೇ ಜಗತ್ತಿಗೆ ತಿಳಿಯಿತು. ಮೈಕ್ರೋಸಾಫ್ಟ್ ನೌಕರರೂ ಪೋಸ್ಟ್‌ಗ್ರೆಸ್ ತಂಡದ ಸದಸ್ಯರೂ ಆದ ಆಂಡ್ರೆಸ್ ಫ್ರಾಯಿಂಡ್ ಆ ದಿನಗಳಲ್ಲಿ ಪೋಸ್ಟ್‌ಗ್ರೆಸ್ ವೇಗವನ್ನು ಅಳೆಯುತ್ತಿದ್ದರು. ಪರೀಕ್ಷೆಯ ಯಂತ್ರಕ್ಕೆ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಹಿಡಿಯುತ್ತಿರುವುದು ಅವರಿಗೆ ವಿಚಿತ್ರವಾಗಿ ಕಂಡಿತು. ಬೆನ್ನು ಹತ್ತಿ ನೋಡಿದಾಗ, ‘ಎಕ್ಸ್‌ಝಡ್’ ಎಂಬ ಸಣ್ಣ ಮುಕ್ತ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಕೊರೆದಿರುವುದು ಪತ್ತೆಯಾಯಿತು. ಆ ತಂತ್ರಾಂಶವನ್ನು ವರ್ಷಗಳಿಂದ ಬಹುಮಟ್ಟಿಗೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಕಳ್ಳಬಾಗಿಲಿಟ್ಟ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯಕನಂತೆ ನಟಿಸಿ ಅವರ ವಿಶ್ವಾಸ ಗಳಿಸಿದ್ದ. 2024ರ ಮಾರ್ಚ್ 29ರಂದು ಫ್ರಾಯಿಂಡ್ ಇದನ್ನು ಬಹಿರಂಗಪಡಿಸದಿದ್ದರೆ, ಆ ಬಾಗಿಲು ಜಗತ್ತಿನ ಅಸಂಖ್ಯಾತ ಸರ್ವರುಗಳಿಗೆ ಹಬ್ಬುತ್ತಿತ್ತು.

ಇದರಲ್ಲಿ ಎರಡು ಸಂಗತಿಗಳಿವೆ. ಸಂಕೇತ ತೆರೆದಿದ್ದರಿಂದಲೇ ಕೇಡನ್ನು ಹುಡುಕಿ ತೋರಿಸಲು ಸಾಧ್ಯವಾಯಿತು. ಕಾಯುವವರು ಬೆರಳೆಣಿಕೆಯಷ್ಟೇ ಇದ್ದುದರಿಂದಲೇ ಕೇಡು ಒಳಗೆ ಬಂದಿತು. ಮುಕ್ತತೆ ಪರಿಶೀಲನೆಗೆ ಅವಕಾಶ ಕೊಡುತ್ತದೆಯೇ ಹೊರತು ಪರಿಶೀಲಕರನ್ನು ಒದಗಿಸುವುದಿಲ್ಲ. ಅವರನ್ನು ಬಳಕೆದಾರರೇ ಒದಗಿಸಬೇಕು.

ನಮ್ಮ ಪಾಲು ಎಷ್ಟು?

ಈಗ ನಮ್ಮ ಮನೆಯ ಕಡೆ ನೋಡೋಣ. ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶ ಬಳಕೆಯ ನೀತಿಯನ್ನು ಪ್ರಕಟಿಸಿತು. ಹೊಸ ಯೋಜನೆಗಳ ಟೆಂಡರಿನಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕು, ಅದನ್ನು ಸೂಚಿಸದ ಸರಬರಾಜುದಾರ ಕಾರಣ ಕೊಡಬೇಕು, ಹೋಲಿಕೆ ಮಾಡುವಾಗ ಜೀವಿತಾವಧಿಯ ವೆಚ್ಚವನ್ನೂ ಆಯಕಟ್ಟಿನ ನಿಯಂತ್ರಣವನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂದು ಅದು ಹೇಳುತ್ತದೆ. ನೀತಿ ಬರುವ ಮೊದಲೇ ಆಧಾರ್ ವ್ಯವಸ್ಥೆಯನ್ನು ಮೈಎಸ್‌ಕ್ಯುಎಲ್, ಹಡೂಪ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಬಳಸಿ ಕಟ್ಟಲಾಗಿತ್ತು. 130 ಕೋಟಿಗೂ ಹೆಚ್ಚು ಜನರ ಗುರುತಿನ ದಾಖಲೆ ಹೀಗೆ ನಿಂತಿದೆ. ಲೈಸೆನ್ಸ್ ಶುಲ್ಕದಲ್ಲಿ ಉಳಿದ ಹಣ ಸಣ್ಣದಿರಲಾರದು.

ನೀತಿಯಲ್ಲಿ ಕಾಣದ ಸಂಗತಿಯೆಂದರೆ ಹಿಂದಿರುಗಿಸುವ ಹೊಣೆ. ನಮ್ಮ ಆಯವ್ಯಯದ ಲೆಕ್ಕ ಶೀರ್ಷಿಕೆಗಳಿಗೆ ಖರೀದಿ ಗೊತ್ತು, ವಾರ್ಷಿಕ ನಿರ್ವಹಣೆ ಗುತ್ತಿಗೆ ಗೊತ್ತು. ಯಾರಿಂದಲೂ ಕೊಳ್ಳದ, ಆದರೆ ಎಲ್ಲರೂ ಬಳಸುವ ವಸ್ತುವಿನ ಪಾಲನೆಗೆ ಹಣ ಕೊಡುವುದು ಹೇಗೆಂದು ಅವುಗಳಿಗೆ ತಿಳಿಯದು. ಬಿಲ್ಲು ಇಲ್ಲದೆ ಹಣ ಪಾವತಿಸಿದ ಅಧಿಕಾರಿ ಲೆಕ್ಕ ತಪಾಸಣೆಯ ಆಕ್ಷೇಪಣೆಗೆ ಉತ್ತರ ಬರೆಯುತ್ತ ನಿವೃತ್ತಿಯ ತನಕ ಕಾಲ ಕಳೆಯಬೇಕಾದೀತು. ಅಧಿಕಾರಿಯನ್ನು ದೂರಿ ಫಲವಿಲ್ಲ, ನಿಯಮ ಬದಲಾಗಬೇಕು.

ಬದಲಾವಣೆ ಅಸಾಧ್ಯವೇನಲ್ಲ. ಜರ್ಮನಿ 2022ರಲ್ಲಿ ‘ಸಾವರಿನ್ ಟೆಕ್ ಫಂಡ್’ ಎಂಬ ಸಾರ್ವಜನಿಕ ನಿಧಿಯನ್ನು ಸ್ಥಾಪಿಸಿ, ಎಲ್ಲರೂ ಅವಲಂಬಿಸಿರುವ ಮುಕ್ತ ತಂತ್ರಾಂಶಗಳ ಪಾಲನೆಗೆ ಹಣ ಒದಗಿಸುತ್ತಿದೆ. ರಸ್ತೆ, ಸೇತುವೆಗಳಂತೆ ಇವೂ ಮೂಲಸೌಕರ್ಯ ಎಂಬುದು ಅಲ್ಲಿನ ತರ್ಕ. ನಮ್ಮ ಬೆಂಗಳೂರಿನಲ್ಲಿಯೇ ಖಾಸಗಿ ವಲಯದಿಂದ ಒಂದು ಮಾದರಿ ಬಂದಿದೆ. ಪೋಸ್ಟ್‌ಗ್ರೆಸ್ ಮೊದಲಾದ ಮುಕ್ತ ತಂತ್ರಾಂಶಗಳ ಮೇಲೆ ತನ್ನ ವ್ಯವಹಾರ ಕಟ್ಟಿಕೊಂಡ ಷೇರು ದಲ್ಲಾಳಿ ಸಂಸ್ಥೆ ಝೆರೋಧಾ, 2024ರ ಅಕ್ಟೋಬರಿನಲ್ಲಿ ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿಯೊಂದನ್ನು ಪ್ರಕಟಿಸಿತು. ತಾನು ಬಳಸಿದ್ದಕ್ಕೆ ಪ್ರತಿಯಾಗಿ ಜಗತ್ತಿನ ಯಾವುದೇ ಮೂಲೆಯ ಮುಕ್ತ ತಂತ್ರಾಂಶ ಯೋಜನೆಗೆ ನೆರವಾಗುವುದು ಅದರ ಉದ್ದೇಶ.

ಹಣವೊಂದೇ ಕಾಣಿಕೆಯಲ್ಲ, ದುಡಿಮೆಯೂ ಕಾಣಿಕೆಯೇ. ಪೋಸ್ಟ್‌ಗ್ರೆಸ್ ಸಂಕೇತಕ್ಕೆ ಅಂತಿಮ ಬದಲಾವಣೆ ಮಾಡುವ ಅಧಿಕಾರವುಳ್ಳ ಮೂವತ್ತರ ಆಸುಪಾಸಿನ ಜನರಲ್ಲಿ ಭಾರತದ ಅಮಿತ್ ಕಪಿಲಾ ಕೂಡ ಒಬ್ಬರು. ಆ ಸಮುದಾಯದ ಭಾರತೀಯ ಸಮ್ಮೇಳನಗಳು ಬೆಂಗಳೂರಿನಲ್ಲಿ ನಡೆದಿವೆ. ಅದಕ್ಕೂ ಹಿಂದೆ, 2001ರಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಎಂದು ಆರಂಭವಾಗಿ ಮುಂದೆ ಹೆಸರು ಬದಲಿಸಿಕೊಂಡ ವಾರ್ಷಿಕ ಸಮಾವೇಶ 2012ರವರೆಗೆ ಈ ನಗರವನ್ನು ಮುಕ್ತ ತಂತ್ರಾಂಶದ ಭೂಪಟದಲ್ಲಿ ಇರಿಸಿತ್ತು. ಪ್ರತಿಭೆಯ ಕೊರತೆ ನಮಗಿಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳನ್ನು ಗಣಕಕ್ಕೆ ತಂದು ದೇಶಕ್ಕೇ ದಾರಿ ತೋರಿದ ರಾಜ್ಯವಿದು. ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳು ಹಲವು ತಲೆಮಾರು ಬಾಳಿದವು. ಅವುಗಳ ಜಾಗಕ್ಕೆ ಬಂದ ಡೇಟಾಬೇಸೂ ಅಷ್ಟು ಕಾಲ ಬಾಳಬೇಕು. ಒಂದು ತುಂಡು ನೆಲದ ಹಕ್ಕು ಅಜ್ಜನಿಂದ ಮೊಮ್ಮಗನಿಗೆ ಬರುವಷ್ಟರಲ್ಲಿ ಎಷ್ಟೋ ಕಂಪನಿಗಳು ಹುಟ್ಟಿ, ಮಾರಾಟವಾಗಿ, ಮುಚ್ಚಿಹೋಗಿರುತ್ತವೆ. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಹೆಸರೇ ಇಂದಿನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ.

ಆದ್ದರಿಂದ ಸಾರ್ವಜನಿಕ ದಾಖಲೆಗಳಿಗೆ ಡೇಟಾಬೇಸ್ ಆರಿಸುವಾಗ ಟೆಂಡರ್ ಸಮಿತಿಗಳು ದರಪಟ್ಟಿಯ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು. ಈ ತಂತ್ರಾಂಶದ ಕೃತಿಸ್ವಾಮ್ಯ ಮತ್ತು ಹೆಸರು ಯಾರ ಒಡೆತನದಲ್ಲಿವೆ? ಅದನ್ನು ಪಾಲಿಸುವವರು ಎಷ್ಟು ಮಂದಿ, ಎಷ್ಟು ಸಂಸ್ಥೆಗಳಿಗೆ ಸೇರಿದವರು? ನಾಳೆ ಷರತ್ತು ಬದಲಾದರೆ ನಮ್ಮ ದಾಖಲೆಗಳನ್ನು ಹೊರತೆಗೆದು ಬೇರೆಡೆ ಇಡಲು ಎಷ್ಟು ಕಾಲ, ಎಷ್ಟು ಹಣ ಬೇಕು? ರೆಡಿಸ್ ಪ್ರಕರಣದಲ್ಲಿ ಎಂಟು ದಿನಗಳಲ್ಲಿ ಕವಲು ತೆಗೆಯಲು ಸಾಧ್ಯವಾದದ್ದು ಜಗತ್ತಿನ ಅತಿ ಶ್ರೀಮಂತ ಕಂಪನಿಗಳಿಗೆ ಅದು ಬೇಕಾಗಿದ್ದುದರಿಂದ. ಒಂದು ಜಿಲ್ಲಾ ಕಚೇರಿಗೆ ಆ ಶಕ್ತಿಯಿಲ್ಲ, ಅದು ಮೊದಲೇ ಯೋಚಿಸಬೇಕು.

ಇದರೊಂದಿಗೆ ನಿಯಮದಲ್ಲಿ ಒಂದು ಸಣ್ಣ ತಿದ್ದುಪಡಿ ಆಗಬೇಕು. ಮುಕ್ತ ತಂತ್ರಾಂಶ ಬಳಸಿದ ಪ್ರತಿ ಯೋಜನೆಯೂ ತನ್ನ ತಂತ್ರಾಂಶ ವೆಚ್ಚದ ಶೇಕಡಾ ಒಂದರಷ್ಟನ್ನು ಅವುಗಳ ಪಾಲನೆಗೆಂದು ತೆಗೆದಿರಿಸಲಿ. ಅದಕ್ಕೆ ಪ್ರತ್ಯೇಕ ಲೆಕ್ಕ ಶೀರ್ಷಿಕೆಯೊಂದು ಇರಲಿ. ಹಣ ನಗದಾಗಿಯೇ ಹೋಗಬೇಕೆಂದಿಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪದವೀಧರರಿಗೆ ಸಂಬಳ ಕೊಟ್ಟು ಆ ತಂತ್ರಾಂಶಗಳ ದೋಷಗಳನ್ನು ಹುಡುಕಲು, ಕನ್ನಡದ ಅಕಾರಾದಿ ಅನುಕ್ರಮ ಸರಿಯಾಗಿ ಬರುತ್ತಿದೆಯೇ ಎಂದು ಪರೀಕ್ಷಿಸಲು, ದುರಸ್ತಿಗಳನ್ನು ಮೂಲಕ್ಕೆ ತಲುಪಿಸಲು ಹಚ್ಚಬಹುದು. ಲೈಸೆನ್ಸ್ ಶುಲ್ಕವಾಗಿ ಹೊರಗೆ ಹೋಗುತ್ತಿದ್ದ ಹಣದ ಒಂದು ಅಲ್ಪ ಭಾಗ ಆಗ ಇಲ್ಲಿನ ಕೌಶಲ್ಯವಾಗಿ ಬೆಳೆಯುತ್ತದೆ. ಮುಂದಿನ ಆಯವ್ಯಯದ ಸಿದ್ಧತೆಯಲ್ಲಿರುವವರು ಇದನ್ನು ಪರಿಶೀಲಿಸಿದರೆ, ವೆಚ್ಚದ ಅಂಕಿ ಎಷ್ಟು ಚಿಕ್ಕದೆಂದು ಅವರಿಗೇ ಆಶ್ಚರ್ಯವಾದೀತು.